ಅರೆವಾಹಕ ಸಂಸ್ಥೆಯ ನಾಯಕತ್ವವೂ ಷೇರುದಾರರ ತೀರ್ಪೂ

ನಮ್ಮ ಕಾಲೇಜಿನ ಅರ್ಥಶಾಸ್ತ್ರ ಸಂಘದವರು ಈ ವರ್ಷ ಒಂದು ಚರ್ಚಾಸ್ಪರ್ಧೆಯನ್ನು ಏರ್ಪಡಿಸಿದ್ದರು. "ನಷ್ಟದಲ್ಲಿರುವ ಸಂಸ್ಥೆಯ ಮುಖ್ಯಸ್ಥನನ್ನು ಕೂಡಲೇ ಬದಲಾಯಿಸುವುದೇ ಲೇಸು" ಎಂಬುದು ಅಂದಿನ ವಿಷಯ. ಪರವಾಗಿ ಮಾತನಾಡಿದವರೂ ವಿರೋಧವಾಗಿ ಮಾತನಾಡಿದವರೂ ತಮ್ಮ ವಾದಕ್ಕೆ ಆಧಾರವಾಗಿ ಎತ್ತಿಕೊಂಡುದು ಒಂದೇ ಸಂಸ್ಥೆಯನ್ನು: ಅಮೆರಿಕದ ಇಂಟೆಲ್. ಒಬ್ಬರು ಅದರ ನಷ್ಟದ ಅಂಕಿಗಳನ್ನು ಓದಿದರು. ಇನ್ನೊಬ್ಬರು ಅದರ ಹಿಂದಿನ ವೈಭವವನ್ನು ವರ್ಣಿಸಿದರು. ಕೊನೆಗೆ ಕೈಯೆತ್ತಿಸಿ ತೀರ್ಮಾನವನ್ನೂ ಮಾಡಿದ್ದಾಯಿತು. ಆದರೆ ಸಭೆ ಮುಗಿದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಈ ವರ್ಷ ಕಂಡ ನಷ್ಟವು ಈ ವರ್ಷದ ಮುಖ್ಯಸ್ಥನದೇ ಎಂದು ಹೇಳುವುದು ಹೇಗೆ? ಇದನ್ನು ಕುರಿತು ನಾನು ಓದಿ ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಅರೆವಾಹಕವೆಂದರೇನು ಎಂಬುದನ್ನು ನೋಡೋಣ. ತಾಮ್ರವು ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡುತ್ತದೆ, ಗಾಜು ಹರಿಯಗೊಡುವುದಿಲ್ಲ. ಇವೆರಡರ ನಡುವೆ ನಿಂತು, ನಾವು ಬೇಕೆಂದಾಗ ಹರಿಯಿಸಿ ಬೇಡವೆಂದಾಗ ತಡೆಯುವಂತೆ ಮಾಡಬಹುದಾದ ಸಿಲಿಕಾನ್ ಮೊದಲಾದ ವಸ್ತುಗಳಿಗೆ ಅರೆವಾಹಕಗಳೆಂದು ಹೆಸರು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅಂಥ ಟ್ರಾನ್ಸಿಸ್ಟರುಗಳನ್ನು ಒಂದು ಪುಟ್ಟ ಸಿಲಿಕಾನ್ ತುಣುಕಿನ ಮೇಲೆ ಒತ್ತೊತ್ತಾಗಿ ಮೂಡಿಸಿದರೆ ಅದೇ ಚಿಪ್. 1971ರಲ್ಲಿ ಇಂಟೆಲ್ ಹೊರತಂದ 4004 ಎಂಬ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಇಂದು ನಮ್ಮ ಜೇಬಿನಲ್ಲಿರುವ ಫೋನಿನ ಚಿಪ್ಪಿನಲ್ಲಿ ನೂರಾರು ಕೋಟಿ ಇವೆ.

ಇಂಥ ಚಿಪ್ಪುಗಳನ್ನು ತಯಾರಿಸುವ ಉದ್ಯಮಕ್ಕೂ ಇತರ ಉದ್ಯಮಗಳಿಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಅದು ಕಾಲದ ವ್ಯತ್ಯಾಸ. ಊಟದ ತಟ್ಟೆಯಷ್ಟು ಅಗಲವಾದ ಸಿಲಿಕಾನ್ ಬಿಲ್ಲೆಯೊಂದು ಕಾರ್ಖಾನೆಯೊಳಕ್ಕೆ ಹೋಗಿ, ನೂರಾರು ಹಂತಗಳನ್ನು ದಾಟಿ ಹೊರಬರಲು ಸುಮಾರು ಮೂರು ತಿಂಗಳು ಬೇಕು. ಹೊಸ ಚಿಪ್ಪೊಂದರ ವಿನ್ಯಾಸವನ್ನು ಆರಂಭಿಸಿ ಅದನ್ನು ಮಾರುಕಟ್ಟೆಗೆ ತರಲು ಮೂರು ನಾಲ್ಕು ವರ್ಷಗಳು ಹಿಡಿಯುತ್ತವೆ. ಹೊಸ ಕಾರ್ಖಾನೆ ಕಟ್ಟಿ ಯಂತ್ರಗಳನ್ನು ಹೂಡಲೂ ಅಷ್ಟೇ ಕಾಲ. ಅದರ ವೆಚ್ಚ ಒಂದು ಸಾವಿರ ಕೋಟಿ ಡಾಲರುಗಳಿಗೂ ಮಿಕ್ಕಬಹುದು. ಟ್ರಾನ್ಸಿಸ್ಟರುಗಳನ್ನು ಇನ್ನೂ ಸಣ್ಣದಾಗಿ ಮೂಡಿಸುವ ಹೊಸ ವಿಧಾನವನ್ನು ಕಂಡುಹಿಡಿದು ಹದಕ್ಕೆ ತರಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಗುತ್ತದೆ.

ಆದರೆ ಇಂಥ ಸಂಸ್ಥೆಗೆ ಬಂಡವಾಳ ಕೊಟ್ಟವರ ಕಾಲಗಣನೆಯೇ ಬೇರೆ. ಕೂಡುಬಂಡವಾಳ ಸಂಸ್ಥೆಗಳು ಅಮೆರಿಕದಲ್ಲಿ ಮೂರು ಮೂರು ತಿಂಗಳಿಗೊಮ್ಮೆ ತಮ್ಮ ಲೆಕ್ಕವನ್ನು ಒಪ್ಪಿಸುತ್ತವೆ. ಆ ದಿನ ಮುಖ್ಯಸ್ಥನೂ ಹಣಕಾಸಿನ ಅಧಿಕಾರಿಯೂ ವಿಮರ್ಶಕರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಮಾರಾಟವೆಷ್ಟು? ತಯಾರಿಕೆಯ ವೆಚ್ಚ ಕಳೆದು ನೂರು ಡಾಲರಿಗೆ ಎಷ್ಟು ಉಳಿಯಿತು? ಒಂದು ಬಿಲ್ಲೆಯ ಚಿಪ್ಪುಗಳಲ್ಲಿ ದೋಷವಿಲ್ಲದೆ ಬಂದುವು ನೂರಕ್ಕೆಷ್ಟು? ಮುಂದಿನ ಮೂರು ತಿಂಗಳ ನಿರೀಕ್ಷೆಯೇನು? ಒಂದು ಬಿಲ್ಲೆ ಕಾರ್ಖಾನೆಯಿಂದ ಹೊರಬೀಳುವಷ್ಟರಲ್ಲಿ ಒಂದು ತೀರ್ಪು ಹೊರಬಿದ್ದಿರುತ್ತದೆ! ಮಲೆನಾಡಿನ ಸಹಪಾಠಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಕೆ ಸಸಿ ನೆಟ್ಟವನು ಫಸಲಿಗಾಗಿ ಐದಾರು ವರ್ಷ ಕಾಯಬೇಕು. ಸಾಲ ಕೊಟ್ಟವನು ಮೂರು ತಿಂಗಳಿಗೊಮ್ಮೆ ತೋಟಕ್ಕೆ ಬಂದು ಗೊನೆಯೆಲ್ಲಿ ಎಂದು ಕೇಳಿದರೆ ತೋಟಗಾರನು ಏನು ಹೇಳಿಯಾನು?

ಇನ್ನು ಇಂಟೆಲ್ ಸಂಸ್ಥೆಯ ಕಥೆಗೆ ಬರೋಣ. 1968ರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಎಂಬಿಬ್ಬರು ಕ್ಯಾಲಿಫೋರ್ನಿಯದಲ್ಲಿ ಇದನ್ನು ಸ್ಥಾಪಿಸಿದರು. ಹಂಗೆರಿಯಿಂದ ವಲಸೆ ಬಂದಿದ್ದ ರಸಾಯನತಜ್ಞ ಆಂಡ್ರ್ಯೂ ಗ್ರೋವ್ ಮೊದಲಿನಿಂದಲೇ ಅವರ ಜೊತೆಗಿದ್ದರು. ಮೊದಮೊದಲು ಸಂಸ್ಥೆಯ ಜೀವನವೆಲ್ಲ ನೆನಪಿನ ಚಿಪ್ಪುಗಳಿಂದ, ಎಂದರೆ ಅಂಕಿಗಳನ್ನು ಸಂಗ್ರಹಿಸಿಡುವ ಚಿಪ್ಪುಗಳಿಂದ ನಡೆಯುತ್ತಿತ್ತು. 1980ರ ದಶಕದಲ್ಲಿ ಜಪಾನಿನವರು ಅದೇ ಸರಕನ್ನು ಹೆಚ್ಚು ಗುಣದಲ್ಲಿ, ಕಡಿಮೆ ಬೆಲೆಗೆ ಕೊಡತೊಡಗಿದರು. 1985ರಲ್ಲಿ ಒಂದು ದಿನ ಗ್ರೋವ್ ಅವರು ಮೂರ್ ಅವರನ್ನು ಕೇಳಿದರಂತೆ: ನಮ್ಮಿಬ್ಬರನ್ನೂ ಹೊರಹಾಕಿ ಹೊಸ ಮುಖ್ಯಸ್ಥನನ್ನು ತಂದರೆ ಅವನು ಮೊದಲು ಏನು ಮಾಡುತ್ತಾನೆ? ನೆನಪಿನ ಚಿಪ್ಪುಗಳ ವ್ಯಾಪಾರವನ್ನು ಬಿಟ್ಟುಬಿಡುತ್ತಾನೆ ಎಂದು ಮೂರ್ ಉತ್ತರವಿತ್ತರು. ಹಾಗಾದರೆ ಆ ಕೆಲಸವನ್ನು ನಾವೇ ಏಕೆ ಮಾಡಬಾರದು ಎಂದರು ಗ್ರೋವ್. ಅದರಂತೆಯೇ ಮಾಡಿದರು. ಅಜ್ಜ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಲಿಲ್ಲ.

ಇದರ ಫಲವೇನಾಯಿತು? 1986ರಲ್ಲಿ ಸಂಸ್ಥೆಗೆ 17 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಆ ಒಂದು ವರ್ಷದ ಲೆಕ್ಕವನ್ನು ಮಾತ್ರ ನೋಡಿದವರು ಇದನ್ನು ದೊಡ್ಡ ಸೋಲೆಂದೇ ಬರೆಯಬೇಕಾಗಿತ್ತು. ಆದರೆ ಗಣಕಯಂತ್ರದ ಮಿದುಳೆನಿಸಿದ ಸಂಸ್ಕಾರಕ ಚಿಪ್ಪುಗಳ ಕಡೆಗೆ ತಿರುಗಿದ ಆ ತೀರ್ಮಾನದ ಮೇಲೆಯೇ ಮುಂದಿನ ಹದಿನೈದು ವರ್ಷಗಳ ಸಮೃದ್ಧಿ ನಿಂತಿತು. 1987ರಿಂದ 1998ರವರೆಗೆ ಗ್ರೋವ್ ಅವರೇ ಮುಖ್ಯಸ್ಥರಾಗಿದ್ದರು. 2000ದ ಆಗಸ್ಟ್ ತಿಂಗಳಲ್ಲಿ ಸಂಸ್ಥೆಯ ಒಂದು ಷೇರಿನ ಬೆಲೆ ಸುಮಾರು 75 ಡಾಲರಿಗೆ ಏರಿತ್ತು. ನಷ್ಟದ ವರ್ಷದಲ್ಲಿ ಒಳ್ಳೆಯ ಬೀಜ ಬಿದ್ದಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದುದೂ ನಡೆಯಬಹುದು. 2005ರಿಂದ 2013ರವರೆಗೆ ಪಾಲ್ ಒಟೆಲಿನಿ ಮುಖ್ಯಸ್ಥರಾಗಿದ್ದರು. ಅವರ ಕಾಲದಲ್ಲಿ ಮಾರಾಟ ಬೆಳೆದು 2012ರಲ್ಲಿ ಸುಮಾರು 5,330 ಕೋಟಿ ಡಾಲರುಗಳಾಯಿತು. ಷೇರುದಾರರಿಗೆ ಲಾಭಾಂಶ ತಪ್ಪಲಿಲ್ಲ. ಆದರೆ 2007ರಲ್ಲಿ ಹೊರಬಂದ ಐಫೋನಿಗೆ ಚಿಪ್ ಮಾಡಿಕೊಡುವ ಅವಕಾಶ ಬಂದಾಗ ಇಂಟೆಲ್ ಅದನ್ನು ಒಪ್ಪಿಕೊಂಡಿರಲಿಲ್ಲ. ಆಪಲ್ ಸಂಸ್ಥೆ ಕೊಡುತ್ತೇನೆಂದ ಬೆಲೆಯು ತಮ್ಮ ಅಂದಾಜಿನ ವೆಚ್ಚಕ್ಕಿಂತ ಕಡಿಮೆಯಾಗಿತ್ತೆಂದೂ, ಆ ಅಂದಾಜೇ ತಪ್ಪಾಗಿತ್ತೆಂದೂ ಒಟೆಲಿನಿ ಅವರು 2013ರಲ್ಲಿ ಅಧಿಕಾರ ಬಿಡುವ ಹೊತ್ತಿಗೆ ಒಪ್ಪಿಕೊಂಡರು. ನಿರಾಕರಿಸಿದ ವರ್ಷದ ಲೆಕ್ಕದಲ್ಲಿ ಆ ತಪ್ಪಿನ ಸುಳಿವೇ ಇರಲಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ವಿಚಿತ್ರವಾದುದು. ಅತಿ ಸೂಕ್ಷ್ಮವಾದ ಗೆರೆಗಳನ್ನು ಬೆಳಕಿನಿಂದ ಮೂಡಿಸುವ ಹೊಸ ಯಂತ್ರವೊಂದನ್ನು ಹಾಲೆಂಡಿನ ಎಎಸ್‌ಎಂಎಲ್ ಸಂಸ್ಥೆ ಸಿದ್ಧಪಡಿಸುತ್ತಿತ್ತು. 2012ರಲ್ಲಿ ಅದಕ್ಕೆ 400 ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲು ಇಂಟೆಲ್ ಒಪ್ಪಿತು. ಆದರೆ ಯಂತ್ರ ಸಿದ್ಧವಾದಾಗ ಅದನ್ನು ಮೊದಲು ದುಡಿಸಿಕೊಂಡವರು ಬೇರೆಯವರು. ತೈವಾನಿನ ಟಿಎಸ್‌ಎಂಸಿ ಸಂಸ್ಥೆ 2019ರಲ್ಲಿಯೇ ಅದರಿಂದ ಚಿಪ್ ತಯಾರಿಸಿತು. ಇಂಟೆಲ್ ತಯಾರಿಸಿದ್ದು 2023ರಲ್ಲಿ. ಹಳೆಯ ಯಂತ್ರಗಳಿಂದಲೇ ಸಾಧಿಸುತ್ತೇವೆಂದು ಹಿಡಿದ ಹತ್ತು ನ್ಯಾನೊಮೀಟರ್ ವಿಧಾನವು 2016ರ ವೇಳೆಗೆ ಕೈಗೂಡಬೇಕಾಗಿದ್ದುದು, ಮುಂದಕ್ಕೆ ಹೋಗಿ ಹೋಗಿ 2019ಕ್ಕೆ ಬಂದು ನಿಂತಿತು. ಈ ಅವಧಿಯಲ್ಲಿಯೂ ಲಾಭಕ್ಕೆ ಕೊರತೆಯಿರಲಿಲ್ಲ. 2018ರಿಂದ 2020ರವರೆಗಿನ ಮೂರು ವರ್ಷಗಳಲ್ಲಿ ಸಂಸ್ಥೆಯು ತನ್ನ ಷೇರುಗಳನ್ನು ತಾನೇ ಕೊಂಡುಕೊಳ್ಳಲು 3,500 ಕೋಟಿ ಡಾಲರುಗಳಿಗೂ ಮಿಕ್ಕಿ ಖರ್ಚುಮಾಡಿತು. ಷೇರುಗಳ ಸಂಖ್ಯೆ ಇಳಿದರೆ ಉಳಿದ ಒಂದೊಂದು ಷೇರಿನ ಪಾಲಿಗೂ ಲಾಭ ಹೆಚ್ಚು ಕಾಣುತ್ತದೆ. ಷೇರುದಾರರು ಸಂತೋಷಪಟ್ಟರು. ಹಿತ್ತಿಲ ಬೇಲಿ ಬಿದ್ದಿರುವಾಗ ಮುಂಬಾಗಿಲಿಗೆ ಬಣ್ಣ ಹೊಡೆಸಿದಂತಾಯಿತು.

ಇಲ್ಲಿ ಟಿಎಸ್‌ಎಂಸಿಯ ವಿಷಯ ಎರಡು ಮಾತು ಹೇಳಬೇಕು. ಪುಸ್ತಕ ಪ್ರಪಂಚದಲ್ಲಿ ಲೇಖಕ ಬೇರೆ, ಮುದ್ರಣಾಲಯ ಬೇರೆಯಷ್ಟೆ. 1987ರಲ್ಲಿ ಮಾರಿಸ್ ಚಾಂಗ್ ಸ್ಥಾಪಿಸಿದ ಟಿಎಸ್‌ಎಂಸಿಯು ಮುದ್ರಣಾಲಯವಿದ್ದಂತೆ. ಇತರರು ರಚಿಸಿದ ಚಿಪ್ಪುಗಳನ್ನು ತಯಾರಿಸಿಕೊಡುವುದಷ್ಟೇ ಅದರ ಕಸುಬು. ಇಂಟೆಲ್ ಮಾತ್ರ ತಾನೇ ಬರೆದು ತಾನೇ ಅಚ್ಚು ಹಾಕುತ್ತಿತ್ತು. ಅಚ್ಚಿನ ಯಂತ್ರ ಎಲ್ಲರಿಗಿಂತ ಉತ್ತಮವಾಗಿದ್ದಾಗ ಇದೇ ಅದರ ಬಲ. ಹಿಂದೆ ಬಿದ್ದಾಗ ಅದೇ ಅದರ ಕೊರಳಿನ ಗುಂಡು.

ಷೇರುದಾರರು ಎಚ್ಚೆತ್ತುದು 2020ರಲ್ಲಿ. ಆ ವರ್ಷದ ಜುಲೈ ತಿಂಗಳಲ್ಲಿ ಆಗಿನ ಮುಖ್ಯಸ್ಥ ಬಾಬ್ ಸ್ವಾನ್ ಅವರು ಮುಂದಿನ ವಿಧಾನವೂ ತಡವಾಗುವುದೆಂದು ತಿಳಿಸಿದಾಗ ಒಂದೇ ದಿನದಲ್ಲಿ ಷೇರಿನ ಬೆಲೆ ಶೇಕಡ 16ರಷ್ಟು ಬಿದ್ದಿತು. ಡಿಸೆಂಬರಿನಲ್ಲಿ ಥರ್ಡ್ ಪಾಯಿಂಟ್ ಎಂಬ ಬಂಡವಾಳ ಸಂಸ್ಥೆಯು ನಿರ್ದೇಶಕ ಮಂಡಲಿಗೆ ಪತ್ರ ಬರೆದು, ವಿನ್ಯಾಸವನ್ನೂ ತಯಾರಿಕೆಯನ್ನೂ ಒಂದೇ ಕಡೆ ಇಟ್ಟುಕೊಳ್ಳಬೇಕೇ ಎಂಬುದನ್ನು ಪರಿಶೀಲಿಸಿರೆಂದು ಒತ್ತಾಯಪಡಿಸಿತು. 2021ರ ಜನವರಿಯಲ್ಲಿ ಸ್ವಾನ್ ಅವರ ಸ್ಥಾನಕ್ಕೆ ಪ್ಯಾಟ್ ಗೆಲ್ಸಿಂಗರ್ ಬರುವರೆಂದು ಪ್ರಕಟವಾಯಿತು. ಅಂದೇ ಷೇರಿನ ಬೆಲೆ ಸುಮಾರು ಶೇಕಡ 7ರಷ್ಟು ಏರಿತು. ಅವರಿನ್ನೂ ಪೀಠದ ಮೇಲೆ ಕುಳಿತಿರಲಿಲ್ಲ! ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ನಮ್ಮ ಹಳ್ಳಿಗಳಲ್ಲಿ ಮಾತ್ರ ಇರುವ ರೂಢಿಯಲ್ಲವೆಂದು ಇದರಿಂದ ತಿಳಿಯಬಹುದು.

ಗೆಲ್ಸಿಂಗರ್ ಅವರು 18ನೆಯ ವಯಸ್ಸಿನಲ್ಲಿ, 1979ರಲ್ಲಿ, ಇಂಟೆಲ್ ಸೇರಿ ಅಲ್ಲಿಯೇ ಬೆಳೆದವರು, 2009ರಲ್ಲಿ ಬಿಟ್ಟುಹೋಗಿದ್ದವರು. ಅವರು ಮರಳಿ ಬಂದು ಹೇಳಿದುದು ಸ್ಪಷ್ಟವಾಗಿತ್ತು. ನಾಲ್ಕು ವರ್ಷಗಳಲ್ಲಿ ತಯಾರಿಕೆಯ ಐದು ಮೆಟ್ಟಿಲುಗಳನ್ನು ಹತ್ತುತ್ತೇವೆ. ಇತರರ ಚಿಪ್ಪುಗಳನ್ನೂ ತಯಾರಿಸಿಕೊಡುತ್ತೇವೆ. ಅದಕ್ಕಾಗಿ ಅರಿಜೋನದಲ್ಲಿ 2,000 ಕೋಟಿ ಡಾಲರುಗಳ, ಓಹಾಯೋದಲ್ಲಿ ಮತ್ತೆ ಅಷ್ಟೇ ಮೊತ್ತದ ಕಾರ್ಖಾನೆಗಳನ್ನು ಕಟ್ಟುತ್ತೇವೆ. ಒಟ್ಟಿನಲ್ಲಿ ಅವರು ಷೇರುದಾರರಿಂದ ಕೇಳಿದುದು ಎರಡು: ಹಣ ಮತ್ತು ಕಾಲ.

ಹಣ ಕರಗತೊಡಗಿತು. 2021ರಲ್ಲಿ 7,900 ಕೋಟಿ ಡಾಲರಿದ್ದ ಮಾರಾಟವು 2024ರಲ್ಲಿ 5,310 ಕೋಟಿಗೆ ಇಳಿಯಿತು. ಎಂದರೆ ಹನ್ನೆರಡು ವರ್ಷಗಳ ಹಿಂದಿನ ಮಟ್ಟಕ್ಕೇ ಬಂದಿತು. ತಯಾರಿಕಾ ವಿಭಾಗವೊಂದರಲ್ಲಿಯೇ 2023ರಲ್ಲಿ 700 ಕೋಟಿ, 2024ರಲ್ಲಿ 1,340 ಕೋಟಿ ಡಾಲರುಗಳ ನಷ್ಟ. 2024ರ ಒಟ್ಟು ನಷ್ಟ ಸುಮಾರು 1,880 ಕೋಟಿ ಡಾಲರು. ಆ ವರ್ಷದ ಆಗಸ್ಟ್ 1ರಂದು ಸಂಸ್ಥೆಯು ಸುಮಾರು 15,000 ಹುದ್ದೆಗಳನ್ನು ತೆಗೆಯುವುದಾಗಿಯೂ, 1992ರಿಂದ ಎಡೆಬಿಡದೆ ಕೊಡುತ್ತ ಬಂದಿದ್ದ ಲಾಭಾಂಶವನ್ನು ನಿಲ್ಲಿಸುವುದಾಗಿಯೂ ಸಾರಿತು. ಮರುದಿನ ಷೇರಿನ ಬೆಲೆ ಶೇಕಡ 26ರಷ್ಟು ಕುಸಿಯಿತು. ನವೆಂಬರಿನಲ್ಲಿ ಹೆಸರಾಂತ ಡೌ ಜೋನ್ಸ್ ಸೂಚ್ಯಂಕದಿಂದ ಇಂಟೆಲನ್ನು ತೆಗೆದು ಎನ್ವಿಡಿಯವನ್ನು ಸೇರಿಸಿದರು. ಡಿಸೆಂಬರ್ 1ರಂದು ಗೆಲ್ಸಿಂಗರ್ ನಿವೃತ್ತರಾದರು. ನಿರ್ದೇಶಕ ಮಂಡಲಿಯ ವಿಶ್ವಾಸ ತಪ್ಪಿದುದೇ ಇದಕ್ಕೆ ಕಾರಣವೆಂದು ಪತ್ರಿಕೆಗಳು ಬರೆದವು. ಅವರು ಕೇಳಿದ್ದ ನಾಲ್ಕು ವರ್ಷಗಳು ಇನ್ನೂ ತುಂಬಿರಲಿಲ್ಲ.

ಇದು ನ್ಯಾಯವೇ? ಇಲ್ಲಿ ಎರಡು ಪಕ್ಷಗಳನ್ನೂ ಕೇಳಬೇಕು. ಷೇರುದಾರನೆಂದರೆ ದೊಡ್ಡ ಧನಿಕನೇ ಎಂದು ತಿಳಿಯಬಾರದು. ಅಮೆರಿಕದಲ್ಲಿ ಉಪಾಧ್ಯಾಯರ, ನೌಕರರ ನಿವೃತ್ತಿ ನಿಧಿಗಳು ಇಂಥ ಷೇರುಗಳಲ್ಲಿಯೇ ಇರುತ್ತವೆ. ಮೂರು ತಿಂಗಳಿಗೊಮ್ಮೆ ಬರುವ ಲಾಭಾಂಶವನ್ನು ನಂಬಿದ್ದ ಮುದುಕರಿಗೆ "ಇನ್ನು ಎರಡು ವರ್ಷ ತಾಳಿ" ಎಂದು ಹೇಳುವುದು ಸುಲಭ, ತಾಳುವುದು ಕಷ್ಟ. ಅಲ್ಲದೆ, ಕಾಲಾವಕಾಶ ಬೇಕೆಂಬುದು ಅಸಮರ್ಥನ ನೆಪವೂ ಆಗಬಹುದು. ಗೆಲ್ಸಿಂಗರ್ ಅವರ ಎಲ್ಲ ಎಣಿಕೆಗಳೂ ಸರಿಯಾಗಿದ್ದುವೆಂದೂ ಹೇಳುವಂತಿಲ್ಲ. ಹೊರಗಿನ ದೊಡ್ಡ ಗಿರಾಕಿಗಳು ಕೈಗೆ ಬರುವುದಕ್ಕಿಂತ ಮೊದಲೇ ಕಾರ್ಖಾನೆಗಳನ್ನು ಕಟ್ಟಲು ಹೊರಟರೆಂಬ ಆಕ್ಷೇಪಣೆಗೆ ಬಲವಿದೆ. 2025ಕ್ಕೆ ಸಿದ್ಧವಾಗಬೇಕೆಂದಿದ್ದ ಓಹಾಯೋ ಕಾರ್ಖಾನೆಯ ಅವಧಿಯನ್ನು ಅವರು ಹೋದ ಮೇಲೆ 2030-31ಕ್ಕೆ ತಳ್ಳಬೇಕಾಯಿತು. ಕೆಲಸ ಕಳೆದುಕೊಂಡ ಹದಿನೈದು ಸಾವಿರ ಮಂದಿಗೆ ತಪ್ಪು ಯಾರ ಕಾಲದ್ದೆಂಬ ವಿಚಾರದಿಂದ ಸಮಾಧಾನ ಸಿಕ್ಕುವುದಿಲ್ಲ.

ಇನ್ನೊಂದು ಪಕ್ಷದವರು ನೆರೆಮನೆಯ ಉದಾಹರಣೆಯನ್ನು ಮುಂದಿಡುತ್ತಾರೆ. ಇಂಟೆಲಿಗೆ ಹಳೆಯ ಪ್ರತಿಸ್ಪರ್ಧಿಯಾದ ಎಎಂಡಿ ಸಂಸ್ಥೆಯು 2009ರಲ್ಲಿ ತನ್ನ ತಯಾರಿಕಾ ಕಾರ್ಖಾನೆಗಳನ್ನು ಬೇರೆ ಮಾಡಿ, ಬರೆಯುವ ಕೆಲಸವನ್ನು ಮಾತ್ರ ಇಟ್ಟುಕೊಂಡಿತು. 2014ರ ಅಕ್ಟೋಬರಿನಲ್ಲಿ ಲಿಸಾ ಸು ಎಂಬ ಮಹಿಳೆ ಅದರ ಮುಖ್ಯಸ್ಥರಾದರು. ಮರುವರ್ಷ ಅದರ ಷೇರಿನ ಬೆಲೆ ಎರಡು ಡಾಲರಿಗೂ ಕೆಳಗಿಳಿದಿತ್ತು. ಆಗ ಅವರನ್ನು ಬದಲಾಯಿಸಿದ್ದರೆ ಕೇಳುವವರು ಯಾರಿದ್ದರು? ಬದಲಾಯಿಸಲಿಲ್ಲ. 2017ರಲ್ಲಿ ಜೆನ್ ಎಂಬ ಹೊಸ ವಿನ್ಯಾಸದ ಚಿಪ್ಪುಗಳು ಬಂದು ಸಂಸ್ಥೆಯ ಹಣೆಬರಹವನ್ನೇ ತಿದ್ದಿದವು. 2022ರಲ್ಲಿ ಅದರ ಷೇರುಗಳ ಒಟ್ಟು ಬೆಲೆ ಇಂಟೆಲನ್ನೂ ಮೀರಿತು. ಇಲ್ಲಿಯೂ ಗಮನಿಸಬೇಕಾದುದೊಂದುಂಟು. ಜೆನ್ ವಿನ್ಯಾಸದ ಕೆಲಸ ಆರಂಭವಾದುದು 2012ರಲ್ಲಿ, ಲಿಸಾ ಸು ಮುಖ್ಯಸ್ಥರಾಗುವುದಕ್ಕೆ ಮೊದಲೇ. ಬಿತ್ತಿದವರು ಬೇರೆಯವರು; ಹಣವಿಲ್ಲದ ಕಾಲದಲ್ಲಿ ಅದನ್ನು ಕಿತ್ತೆಸೆಯದೆ ನೀರೆರೆದು ಕಾಪಾಡಿದುದು ಲಿಸಾ ಸು ಅವರ ಹಿರಿಮೆ.

ಗೆಲ್ಸಿಂಗರ್ ಅವರ ತರುವಾಯ 2025ರ ಮಾರ್ಚ್ ತಿಂಗಳಲ್ಲಿ ಲಿಪ್-ಬು ಟಾನ್ ಇಂಟೆಲಿನ ಮುಖ್ಯಸ್ಥರಾದರು. ಆಗಸ್ಟ್ ತಿಂಗಳ ಮೊದಲಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರು ಟಾನ್ ರಾಜೀನಾಮೆ ಕೊಡಬೇಕೆಂದು ಬಹಿರಂಗವಾಗಿ ಕೇಳಿದರು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕ ಸರಕಾರವೇ 890 ಕೋಟಿ ಡಾಲರುಗಳಿಗೆ ಸಂಸ್ಥೆಯ ಸುಮಾರು ಶೇಕಡ 10ರಷ್ಟು ಷೇರುಗಳನ್ನು ಪಡೆಯುವ ಒಪ್ಪಂದವಾಯಿತು. ಸೆಪ್ಟೆಂಬರಿನಲ್ಲಿ ಎನ್ವಿಡಿಯ 500 ಕೋಟಿ ಡಾಲರು ತೊಡಗಿಸುವುದಾಗಿ ಹೇಳಿತು. ಅಕ್ಟೋಬರಿನಲ್ಲಿ ಅರಿಜೋನದ ಹೊಸ ಕಾರ್ಖಾನೆಯಲ್ಲಿ 18ಎ ಎಂಬ ವಿಧಾನದ ಚಿಪ್ಪುಗಳ ತಯಾರಿಕೆ ನಡೆಯುತ್ತಿರುವುದಾಗಿ ಸಂಸ್ಥೆ ಪ್ರಕಟಿಸಿತು. ವರ್ಷದ ಮೊದಲಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದ ಷೇರಿನ ಬೆಲೆ ವರ್ಷದ ಕೊನೆಗೆ ಮೂವತ್ತೈದು ಡಾಲರನ್ನು ದಾಟಿತ್ತು. ಆ 18ಎ ಎಂಬುದು ಗೆಲ್ಸಿಂಗರ್ ಹೇಳಿದ ಐದು ಮೆಟ್ಟಿಲುಗಳಲ್ಲಿ ಕೊನೆಯದು. ತಯಾರಿಕೆಯ ಸುದ್ದಿಯನ್ನು ಸಾರಿದವರು ಟಾನ್.

ಹಾಗಾದರೆ ಲೆಕ್ಕಪತ್ರವನ್ನು ನೋಡಲೇಬಾರದೇ? ನೋಡಬೇಕು, ಆದರೆ ಓದುವ ಕ್ರಮವನ್ನು ಅರಿತು ನೋಡಬೇಕು. ವಾಣಿಜ್ಯಶಾಸ್ತ್ರ ಓದುವ ಮಿತ್ರರಿಗೆ ಒಂದು ನಿದರ್ಶನ ಕೊಡುತ್ತೇನೆ. ಯಂತ್ರಗಳ ಸವಕಳಿಯನ್ನು ಐದು ವರ್ಷಗಳಿಗೆ ಹಂಚುತ್ತಿದ್ದ ಇಂಟೆಲ್, 2023ರ ಜನವರಿಯಿಂದ ಅದನ್ನು ಎಂಟು ವರ್ಷಗಳಿಗೆ ಹಂಚತೊಡಗಿತು. ಯಂತ್ರ ಅದೇ, ಕೆಲಸ ಅದೇ. ಆದರೂ ಆ ವರ್ಷದ ಖರ್ಚು ನೂರಾರು ಕೋಟಿ ಡಾಲರುಗಳಷ್ಟು ಕಡಿಮೆ ಕಂಡಿತು. ಇದರಲ್ಲಿ ಮೋಸವೇನೂ ಇಲ್ಲ; ಬಹಿರಂಗವಾಗಿ ಹೇಳಿ ಮಾಡಿದ ಬದಲಾವಣೆ. ಆದರೆ ಲಾಭವೆಂಬ ಅಂಕಿಯೂ ಮನುಷ್ಯರ ಅಂದಾಜಿನಿಂದಲೇ ಹುಟ್ಟುವುದೆಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಅರೆವಾಹಕ ಸಂಸ್ಥೆಯ ನಾಯಕನನ್ನು ತೂಗುವವರು ಕೇಳಬೇಕಾದ ಪ್ರಶ್ನೆಗಳು ಮೂರೆಂದು ನನಗೆ ತೋರುತ್ತದೆ. ಈ ವರ್ಷದ ಫಸಲು ಯಾವ ವರ್ಷದ ಬಿತ್ತನೆಯದು? ಈಗಿನ ಮುಖ್ಯಸ್ಥನು ಏನನ್ನು ಬಿತ್ತುತ್ತಿದ್ದಾನೆ, ಅದು ಮೊಳೆಯುತ್ತಿದೆಯೆಂಬುದಕ್ಕೆ ತಾನೇ ಹೇಳಿದ ಗಡುವುಗಳನ್ನು ಮುಟ್ಟುತ್ತಿದ್ದಾನೆಯೆ? ಹಿಂದಿನವರು ಬಿತ್ತಿದುದರಲ್ಲಿ ಯಾವುದನ್ನು ಉಳಿಸಿದನು, ಯಾವುದನ್ನು ಕಿತ್ತನು? ಈ ಪ್ರಶ್ನೆಗಳನ್ನು ಲಾಭದ ವರ್ಷಗಳಲ್ಲಿಯೂ ಕೇಳಬೇಕು. ಇಂಟೆಲಿನ ಷೇರುದಾರರು 2024ರಲ್ಲಿ ಸಿಟ್ಟಾದುದಕ್ಕಿಂತ 2015ರಲ್ಲಿ ಸಂದೇಹಪಟ್ಟಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು. ಆಗ ಯಾರಿಗೂ ಕೇಳುವ ಮನಸ್ಸಾಗಲಿಲ್ಲ, ಏಕೆಂದರೆ ಲಾಭಾಂಶ ಕೈಗೆ ಬರುತ್ತಿತ್ತು.

ಇದು ದೂರದ ದೇಶದ ಕಥೆ, ನಮಗೇನೆಂದು ಯಾರಾದರೂ ಕೇಳಬಹುದು. ಇಂಟೆಲಿನ ವಿನ್ಯಾಸ ಕೇಂದ್ರವೊಂದು ನಮ್ಮ ಬೆಂಗಳೂರಿನಲ್ಲಿಯೂ ಇದೆ. ಅಲ್ಲಿ ಕೆಲಸ ಮಾಡುವವರಲ್ಲಿ ನಮ್ಮಂಥ ಊರುಗಳಿಂದ ಹೋದವರೂ ಉಂಟು. ಕ್ಯಾಲಿಫೋರ್ನಿಯದಲ್ಲಿ ಒಂದು ಪೀಠ ಅಲುಗಿದರೆ ಅವರ ಮನೆಗಳಲ್ಲಿಯೂ ಚಿಂತೆ ಹುಟ್ಟುತ್ತದೆ. ಚರ್ಚಾಕೂಟದ ದಿನ ನಾನೂ ವಿಷಯದ ಪರವಾಗಿಯೇ ಕೈಯೆತ್ತಿದ್ದೆ. ಇಂದು ಅದೇ ವಿಷಯವನ್ನು ಮತಕ್ಕೆ ಹಾಕಿದರೆ ಕೈಯೆತ್ತುವುದಕ್ಕೆ ಮುಂಚೆ ಎದ್ದು ನಿಂತು, ಆ ನಷ್ಟ ಯಾರ ಕಾಲದಲ್ಲಿ ಬಿತ್ತಿದುದು ಎಂದು ಅಧ್ಯಕ್ಷರನ್ನು ಕೇಳುತ್ತೇನೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ